ಸೀಲ್ ಮರಿಯ ಪಕ್ಕದಲ್ಲೊಂದು ಫೋಟೋ

ಡರ್ಬಿಯ ವಿಮಾನ ಎಂಜಿನ್ ಕಾರ್ಖಾನೆಗೆ ನಾನು ಸೇರಿ ಆಗ ಆರು ವರ್ಷವಾಗಿತ್ತು. ಮಗಳಿಗೆ ಹತ್ತು. ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದರು: ಯಾವುದಾದರೂ ಕಾಡುಪ್ರಾಣಿಯನ್ನು ಎರಡು ಗಂಟೆ ನೋಡಿ, ಅದು ಏನೇನು ಮಾಡಿತು ಎಂದು ಸಮಯದ ಸಮೇತ ಬರೆದು ತರಬೇಕು. ಬೇರೆ ಮಕ್ಕಳು ಹಿತ್ತಲಿನ ಅಳಿಲಿಗೆ ತೃಪ್ತಿಪಟ್ಟುಕೊಂಡರು. ಇವಳಿಗೆ ಮಾತ್ರ ಸೀಲ್ ಬೇಕಿತ್ತು.

"ಅಷ್ಟು ದೂರ ಹೋಗಿ ಸೀ ಲಯನ್ ನೋಡ್ಬೇಕಾ?" ಎಂದೆ.

"ಸೀ ಲಯನ್ಸ್ ಅಲ್ಲ, ಅಪ್ಪಾ. ಸೀಲ್ಸ್. ಸೀ ಲಯನ್ಸ್ ಹ್ಯಾವ್ ಇಯರ್ಸ್," ಎಂದಳು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಬರುವುದು ಹೀಗೆಯೇ.

ನವೆಂಬರಿನ ಒಂದು ಶನಿವಾರ ಲಿಂಕನ್‌ಶೈರ್ ಕರಾವಳಿಗೆ ಇಬ್ಬರೇ ಹೊರಟೆವು. ಕಾರಿನ ಬಾಗಿಲು ತೆರೆದದ್ದೇ ವಾಸನೆ ಬಡಿಯಿತು. ನಾನು ಮಲ್ಪೆಯ ಹತ್ತಿರ ಹುಟ್ಟಿ ಬೆಳೆದವನು, ಒಣಮೀನಿನ ವಾಸನೆ ನನಗೆ ಹೊಸದಲ್ಲ. ಇದು ಬೇರೆಯೇ ಆಗಿತ್ತು. ಹಳಸಿದ ಹಾಲು, ಉಚ್ಚೆ, ರಕ್ತ ಎಲ್ಲ ಸೇರಿ ಗಂಟಲಿಗಿಳಿಯುವಂಥದ್ದು. ಮರದ ಗೂಟಗಳ ಬೇಲಿಯ ಆಚೆ, ಮರಳುದಿಬ್ಬದ ಬುಡದಲ್ಲಿ, ನೂರಾರು ಸೀಲ್‌ಗಳು ಕೆಸರಿನಲ್ಲಿ ಬಿದ್ದುಕೊಂಡಿದ್ದವು. ಆಗಷ್ಟೇ ಹೆತ್ತ ಒಂದರ ಹಿಂದೆ ಮಾಸು ಬಿದ್ದಿತ್ತು. ಎರಡು ಕಡಲಕಾಗೆಗಳು ಅದನ್ನು ಆಚೆಯಿಂದೊಂದು ಈಚೆಯಿಂದೊಂದು ಹಿಡಿದು ಎಳೆಯುತ್ತಿದ್ದವು. ಕತ್ತಿನ ತುಂಬ ಗಾಯದ ಗಂಡೊಂದು ಇನ್ನೊಂದನ್ನು ಅಟ್ಟಿಸಿಕೊಂಡು ಹೋಗುವಾಗ ದಾರಿಯಲ್ಲಿದ್ದ ಮರಿಯ ಮೇಲೆಯೇ ಹಾದುಹೋಯಿತು. ತಾಯಿಯನ್ನು ಕಳೆದುಕೊಂಡ ಮತ್ತೊಂದು ಮರಿ ಪ್ರತಿ ಹೆಣ್ಣಿನ ಹತ್ತಿರವೂ ತೆವಳಿಕೊಂಡು ಹೋಗುತ್ತಿತ್ತು. ಎಲ್ಲವೂ ಅದನ್ನು ಕಚ್ಚಿ ಓಡಿಸಿದವು.

ನಾನು ಕರ್ಚೀಫು ಮೂಗಿಗೆ ಒತ್ತಿಕೊಂಡೆ. "ಸಾಕು, ಹೋಗೋಣ" ಎಂದು ಎರಡು ಸಲ ಹೇಳಿದೆ. ಅವಳು ಬೇಲಿಯ ಹತ್ತಿರವೇ ಮಲಗಿದ್ದ ಒಂದು ತಾಯಿ ಮತ್ತು ಮರಿಯನ್ನು ಆರಿಸಿಕೊಂಡು, ಬರೆಯುತ್ತಲೇ ಇದ್ದಳು. ಕೈಗವಸು ತೆಗೆದಿದ್ದರಿಂದ ಬೆರಳು ಕೆಂಪಗಾಗಿದ್ದವು. ತಾಯಿ ಮರಿಯನ್ನು ಮೂಸಿತು. ಮಗ್ಗುಲು ತಿರುಗಿ ಹಾಲು ಕೊಟ್ಟಿತು. ಆಕಳಿಸಿತು.

ಅಷ್ಟರಲ್ಲಿ ಹಿಂದಿನಿಂದ ಕನ್ನಡ ಕೇಳಿಸಿತು. ಸೊಲಿಹಲ್‌ನಿಂದ ಬಂದಿದ್ದ ಗಂಡ ಹೆಂಡತಿ. ನಾನು ಮಗಳೊಡನೆ ಆಡುತ್ತಿದ್ದ ಮಾತು ಅವರ ಕಿವಿಗೂ ಬಿದ್ದಿತ್ತು.

"ನಮ್ಮೋರೇನಾ? ಒಳ್ಳೇದಾಯ್ತು," ಎನ್ನುತ್ತ ಗಂಡ ಡಿಜಿಟಲ್ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟರು. "ಇವಳಿಗೆ ಕೈ ನಡುಗುತ್ತೆ. ನೀವೇ ಒಂದು ತೆಗೀರಿ."

ಬೇಲಿಯ ಮುಂದೆ ನಿಂತುಕೊಳ್ಳುತ್ತಾರೆ ಎಂದುಕೊಂಡೆ. ಅವರೊಬ್ಬರೇ ಬೇಲಿ ದಾಟಿದರು. ಮಗಳು ನೋಡುತ್ತಿದ್ದ ಅದೇ ಮರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಅದರ ತಲೆಯ ಮೇಲೆ ಕೈಯಿಟ್ಟು ನಕ್ಕರು.

"ಬೇಗ ತೆಗೀರಿ ಸಾರ್."

ಬೇಡ ಎನ್ನಬೇಕಿತ್ತು. ಗೊತ್ತಿಲ್ಲದವರ ಮುಂದೆ, ಅದೂ ನಮ್ಮ ಕಡೆಯವರ ಮುಂದೆ, ಮುಖ ಮುರಿಯುವಂತೆ ಹೇಳಲು ನನಗೆ ಬಾಯಿ ಬರಲಿಲ್ಲ. ಗುಂಡಿ ಒತ್ತಿದೆ. ತಾಯಿ ಸೀಲ್ ಬಾಯಿ ತೆರೆದು ನುಗ್ಗಿತು. ಅವರು ಹಿಂದಕ್ಕೆ ಹಾರಿ, ಅದರ ಮುಖಕ್ಕೆ ಮರಳು ಒದ್ದು, ಕೈಯಲ್ಲಿದ್ದ ಕೊಡೆ ಬೀಸಿದರು. ಅದು ತಿರುಗಿ, ದೊಡ್ಡ ಮೈಯನ್ನು ಎಳೆದುಕೊಂಡು ನೀರಿನ ಕಡೆಗೆ ಹೊರಟುಹೋಯಿತು. ಅವರು ಪ್ಯಾಂಟು ಕೊಡವುತ್ತ ಈಚೆ ಬಂದು, ಚಿತ್ರ ನೋಡಿ, "ಸೂಪರ್" ಎಂದರು. ನನ್ನ ಇಮೇಲ್ ಬರೆಸಿಕೊಂಡು ಹೊರಟರು. ನಾನು ಅದನ್ನೂ ಕೊಟ್ಟೆ.

ಸ್ವಲ್ಪ ಹೊತ್ತಿಗೆ ಅಲ್ಲಿ ಕಾವಲಿಗಿದ್ದ ಸ್ವಯಂಸೇವಕಿ ಬಂದರು. ಎಪ್ಪತ್ತು ದಾಟಿದ ಹೆಂಗಸು. ಒಂಟಿ ಮರಿಯನ್ನು ನೋಡಿ, ಯಾರಾದರೂ ಒಳಗೆ ಹೋಗಿದ್ದರೇ ಎಂದು ಕೇಳಿದರು.

ನೋಡಲಿಲ್ಲ ಎಂದೆ.

ಮಗಳು ನನ್ನ ಮುಖ ನೋಡಿದಳು. ಆಮೇಲೆ ಪುಸ್ತಕ ತೆರೆದು ಓದಿ ಹೇಳಿದಳು: ಒಂದು ನಲವತ್ತಕ್ಕೆ ಒಬ್ಬ ಮನುಷ್ಯ ಮರಿಯನ್ನು ಮುಟ್ಟಿದ. ನನ್ನ ಅಪ್ಪ ಫೋಟೋ ತೆಗೆದರು. ಒಂದು ನಲವತ್ತೊಂದಕ್ಕೆ ತಾಯಿ ಹೋಯಿತು.

ಆ ಹೆಂಗಸು ನನ್ನನ್ನು ಬೈಯಲಿಲ್ಲ. ನನ್ನತ್ತ ನೋಡಲೂ ಇಲ್ಲ. ತಾಯಿ ಗುರುತು ಹಿಡಿಯುವುದು ವಾಸನೆಯಿಂದ, ಕಾದು ನೋಡೋಣ ಎಂದು ಮಗಳಿಗೆ ಮಾತ್ರ ಹೇಳಿದರು. ಮೂರು ಗಂಟೆ ದಾಟಿ ಬೆಳಕು ಇಳಿಯುವ ಹೊತ್ತಿಗೆ ತಾಯಿ ಬಂತು. ಮರಿಯನ್ನು ಮೂಸಿತು. ಮತ್ತೊಮ್ಮೆ ಮೂಸಿತು. ಮರಿ ಹಾಲಿಗೆ ಬಾಯಿ ಹಾಕಲು ಹೋದಾಗ ಅದರ ಕತ್ತಿಗೆ ಕಚ್ಚಿ, ದೂರ ಹೋಗಿ ಮಲಗಿತು. ಅಷ್ಟು ಹೊತ್ತು ಸೀಲ್‌ಗಳ ಮೇಲಿದ್ದ ನನ್ನ ಹೇಸಿಗೆಯೆಲ್ಲ ಈಗ ನನ್ನ ಮೇಲೆಯೇ ತಿರುಗಿತು.

ಮುಂದಿನ ಶುಕ್ರವಾರ, ಆ ಹೆಂಗಸು ಕೊಟ್ಟಿದ್ದ ನಂಬರಿಗೆ ಮಗಳೇ ಫೋನ್ ಮಾಡಿದಳು. ಮರಿ ನಾಲ್ಕು ದಿನ ಬೇರೆ ತಾಯಂದಿರ ಹತ್ತಿರವೆಲ್ಲ ಹೋಗಿ ಕಚ್ಚಿಸಿಕೊಂಡು, ಗುರುವಾರ ಬೆಳಿಗ್ಗೆ ಸತ್ತಿತ್ತು.

ಯುಗಾದಿಗೆ ಬರ್ಮಿಂಗ್‌ಹ್ಯಾಮ್‌ನ ಒಂದು ಬಾಡಿಗೆ ಹಾಲ್‌ನಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಗೋಡೆಯ ಮೇಲೆ ಸದಸ್ಯರ ಪ್ರವಾಸದ ಫೋಟೋಗಳಿದ್ದವು. ಅವುಗಳ ನಡುವೆ ನಾನು ತೆಗೆದ ಆ ಫೋಟೋ ಕೂಡ ಇತ್ತು. ಕೆಳಗೆ ದುಂಡಗಿನ ಅಕ್ಷರದಲ್ಲಿ 'ನನ್ನ ಹೊಸ ಗೆಳೆಯ' ಎಂದು ಬರೆದಿದ್ದರು. ಸೊಲಿಹಲ್‌ನ ಆ ಗಂಡಸು ನನ್ನನ್ನು ಕಂಡದ್ದೇ ಭುಜ ಹಿಡಿದು ನಾಲ್ಕು ಜನರ ಮುಂದೆ ನಿಲ್ಲಿಸಿದರು.

"ಫೋಟೋ ತೆಗೆದಿದ್ದು ಇವ್ರೇ ಕಣ್ರೀ. ಎಂಥ ಟೈಮಿಂಗ್ ನೋಡಿ."

"ಆ ಮರಿ ಸತ್ತುಹೋಯ್ತು," ಎಂದೆ.

"ಹೌದಾ? ಪಾಪ. ಕಾಡುಪ್ರಾಣಿ ಅಲ್ವಾ, ನೇಚರ್ ಅದು."

"ನೇಚರ್ ಅಲ್ಲ. ನೀವು ಮುಟ್ಟಿದ್ರಿ, ತಾಯಿ ಬಿಟ್ಟುಬಿಡ್ತು. ನಾನು ನಿಂತು ಫೋಟೋ ತೆಗೆದೆ. ದಯವಿಟ್ಟು ಅದನ್ನ ತೆಗೀರಿ."

ಯಾರೋ ಕೆಮ್ಮಿದರು. ಅವರು ನಗುವುದನ್ನು ನಿಲ್ಲಿಸದೆಯೇ, "ಮೊದಲು ಊಟ ಮಾಡಿ ಸಾರ್, ಆಮೇಲೆ ನೋಡೋಣ," ಎನ್ನುತ್ತ ನನ್ನ ಕೈಗೆ ತಟ್ಟೆ ಕೊಟ್ಟರು. ಒಬ್ಬಟ್ಟಿನ ಮೇಲೆ ತುಪ್ಪ ಜಾರುತ್ತಿತ್ತು. ತಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಗೆ ಬಂದೆ.

ಕಾರಿನಲ್ಲಿ ಹೆಂಡತಿ, "ಹಬ್ಬದ ದಿನ ಬೇಕಿತ್ತಾ ಇದು? ಅವರೂ ಬೇಜಾರು ಮಾಡ್ಕೊಂಡ್ರು," ಎಂದಳು.

"ಅವತ್ತೇ ಹೇಳ್ಬೇಕಿತ್ತು," ಎಂದೆ.

ಮಗಳು ಹಿಂದಿನ ಸೀಟಿನಲ್ಲಿದ್ದಳು. "ಅಟ್ ಒನ್ ಫಾರ್ಟಿ," ಎಂದಳು.