ಮನೆಗೊಂದು ಸಲಿಕೆ

ನಾನು ಚಿಕ್ಕವನಿದ್ದಾಗ ಒಂದು ರೈಲನ್ನು ಊರಿಗೆ ಬರಮಾಡಿದ್ದೆ. ನಗಬೇಡಿ. ಅಕ್ಕನೂ ಜೊತೆಗಿದ್ದಳು, ಇಡೀ ಊರೇ ಇತ್ತು ಅನ್ನಿ. ಆಗಲೂ ನಮ್ಮ ಮನೆ ಇದೇ ಸ್ಟಾಕ್‌ಪೋರ್ಟ್‌ನಲ್ಲಿತ್ತು. ಅಪ್ಪ ಪಕ್ಕದ ಮ್ಯಾಂಚೆಸ್ಟರ್‌ನಲ್ಲಿ ರೈಲು ಎಂಜಿನ್ನುಗಳ ಕಾರ್ಖಾನೆಯಲ್ಲಿದ್ದರು. ಒಂದು ಚಳಿಗಾಲ ಅವರನ್ನು ಆಲ್ಪ್ಸ್ ಪರ್ವತದ ಪುಟ್ಟ ಊರೊಂದಕ್ಕೆ ಕೆಲಸಕ್ಕೆ ಕಳಿಸಿದರು. ಅಕ್ಕನೂ ನಾನೂ ಜೊತೆಗೆ ಹೋದೆವು. ಅಮ್ಮ ಆಮೇಲೆ ಬರುವುದೆಂದು ಮಾತಾಗಿತ್ತು.

ಆ ಊರನ್ನು ಹುಟ್ಟಿಸಿದ್ದೇ ರೈಲು. ಮೊದಲು ಅಲ್ಲಿ ಹೇಸರಗತ್ತೆ ಹೊಡೆಯುವವರು ತಂಗುವ ಛತ್ರವೊಂದನ್ನು ಬಿಟ್ಟರೆ ಏನೂ ಇರಲಿಲ್ಲವಂತೆ. ಬೆಟ್ಟ ಕೊರೆದು ಸುರಂಗ ಮಾಡಲು ಹತ್ತು ಕಡೆಯ ಜನ ಬಂದರು, ಕೆಲಸ ಮುಗಿದ ಮೇಲೂ ಅಲ್ಲೇ ನಿಂತರು. ಚರ್ಚಿಗಿಂತ ಸ್ಟೇಷನ್ನೇ ದೊಡ್ಡದು. ಬೀದಿಯಲ್ಲೆಲ್ಲ ಬಿಸಿ ಬ್ರೆಡ್ಡಿನ ಪರಿಮಳ, ಎಂಜಿನ್ ಎಣ್ಣೆಯ ಘಾಟು. ಜನರದು ಮಾತು ಕಡಿಮೆ, ಮುಖ ಗಂಟು. ಆದರೆ ಅವರದೊಂದು ಕಟ್ಟಳೆ ಇತ್ತು: ಹಳಿಯ ಮೇಲೆ ಹಿಮ ಕುಸಿದು ಸ್ಟೇಷನ್ನಿನ ಗಂಟೆ ಬಾರಿಸಿದರೆ ಮನೆಗೊಬ್ಬರು ಸಲಿಕೆ ಹಿಡಿದು ಬರಬೇಕು.

ಅಮ್ಮನನ್ನು ಕರೆತರಲು ಅಪ್ಪ ಕೆಳಗಿನ ಪಟ್ಟಣಕ್ಕೆ ಹೋದ ದಿನವೇ ಆ ಗಂಟೆ ಹೊಡೆಯಿತು. ಅವರಿಬ್ಬರಿದ್ದ ರೈಲು ಹಿಮದ ಗುಡ್ಡೆಯ ಆಚೆ ನಿಂತುಬಿಟ್ಟಿತ್ತು. ದೊಡ್ಡವರಿಲ್ಲದ ಮನೆ, ನೀವು ಹೋಗಬೇಕಾಗಿಲ್ಲ ಎಂದು ಕೆಳಮನೆಯ ಅಜ್ಜಿ ಕೈಸನ್ನೆ ಮಾಡಿದರು. ನನಗೆ ಅಳು ಬಂತು. ಅಕ್ಕ ಕೋಟು ತೊಟ್ಟಳು.

“ನಮ್ದೂ ಈ ಊರಿನ ಮನೆಯೇ ಅಲ್ವಾ? ಏಳು ಮಾರಾಯ,” ಎಂದಳು.

ನಮ್ಮ ಕನ್ನಡ ಕರಾವಳಿಯಲ್ಲಿ ಹುಟ್ಟಿ, ಸ್ಟಾಕ್‌ಪೋರ್ಟ್‌ನ ತೆಳು ಹಿಮವನ್ನಷ್ಟೇ ಕಂಡಿದ್ದ ಅಕ್ಕನಿಗೆ ಬೆಟ್ಟದ ಹಿಮದ ಸ್ವಭಾವ ಏನು ಗೊತ್ತು? ತುಪ್ಪದ ಹಾಗೆ ಕರಗಿಸಿಬಿಡೋಣವೆಂದು ದೊಡ್ಡ ಕೆಟಲ್ ತುಂಬ ಬಿಸಿನೀರು ಹೊತ್ತು ತಂದಿದ್ದಳು. ಸುರಿದಳು. ಸ್ವಲ್ಪ ಹೊತ್ತಿನಲ್ಲೇ ಅದು ಹೆಪ್ಪುಗಟ್ಟಿ, ಸ್ಟೇಷನ್ ಮಾಸ್ತರರೇ ಜಾರಿ ಬಿದ್ದರು. ಆ ಗಂಟುಮೋರೆಯ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎದ್ದ ಮಾಸ್ತರರು ಬಯ್ಯಲಿಲ್ಲ, ತಮ್ಮ ಸಲಿಕೆಯನ್ನೇ ಅಕ್ಕನ ಕೈಗಿತ್ತರು. ಆಮೇಲೆ ಅವಳು ತಲೆ ಎತ್ತಲಿಲ್ಲ. ಅವಳು ಅಗೆದದ್ದನ್ನು ನಾನು ಬಕೆಟ್ಟಿನಲ್ಲಿ ಹೊತ್ತು ಎಸೆದೆ. ಬೆರಳು ಮರಗಟ್ಟಿತು, ಮೂಗು ಸೋರಿತು, ನಾನೂ ಬಿಡಲಿಲ್ಲ.

ಸಂಜೆಯ ಹೊತ್ತಿಗೆ ಹಳಿ ಕಂಡಿತು. ಕೂಗುತ್ತ ಒಳಬಂದ ರೈಲಿನ ಕಿಟಕಿಯಲ್ಲಿ ಅಮ್ಮನ ಮುಖವಿತ್ತು. ಇಡೀ ಊರು ಸಲಿಕೆಗಳನ್ನು ಮೇಲೆತ್ತಿ ಹೋ ಎಂದಿತು. ಮಾಸ್ತರರು ಅಕ್ಕನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಅವಳ ಸಲಿಕೆಯೇ ಎಲ್ಲಕ್ಕಿಂತ ಎತ್ತರ. ಅಂಥ ಹೆಮ್ಮೆ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ಮಕ್ಕಳೇ, ಈಗ ಇಲ್ಲಿ ನಾಲ್ಕು ಬೆರಳು ಹಿಮ ಬಿದ್ದರೆ ರೈಲಿಲ್ಲ ಎಂದು ಫೋನು ಹೇಳುತ್ತದೆ, ನೀವು ಮತ್ತೆ ಹೊದ್ದು ಮಲಗುತ್ತೀರಿ. ಮಲಗಿ, ಬೇಡವೆನ್ನುವುದಿಲ್ಲ. ನಿಮ್ಮ ಅಮ್ಮ ಎಲ್ಲಿದ್ದಾಳೆಂದು ಅದೇ ಫೋನು ತೋರಿಸುತ್ತದೆ. ನಮಗೆ ತೋರಿಸುವವರು ಯಾರೂ ಇರಲಿಲ್ಲ. ನಾವು ದಾರಿ ಅಗೆದು ಅಮ್ಮನನ್ನು ಮನೆಗೆ ಕರೆದುಕೊಂಡು ಬಂದೆವು.