ಎಡ್ಮೆಯ ಬಟ್ಟಿ, ಅಪ್ಪನ ಭಾಷಣ

ಎಡ್ಮೆ ಮದುವೆಯಾಗಿ ಗಂಡನ ಊರು ಬೊವೆರೆಸ್‌ಗೆ ಬಂದ ಮೊದಲ ವಾರವೇ ಅತ್ತೆ ಓಲ್ಗಾ ಪೆರಿಂಜಾಕೆ ಅವಳನ್ನು ಬಟ್ಟೆ ಒಗೆಯುವ ಕೋಣೆಗೆ ಕರೆದುಕೊಂಡು ಹೋಗಿ, ಒಳಗಿನಿಂದ ಚಿಲಕ ಹಾಕಿದಳು. ತಾಮ್ರದ ಹಂಡೆಯ ಮುಚ್ಚಳ ಎತ್ತಿದ ಕೂಡಲೇ ಸೋಂಪಿನ ಘಮ ಮುಖಕ್ಕೆ ಬಡಿಯಿತು. ಎಡ್ಮೆ ಒಂದು ಹೆಜ್ಜೆ ಹಿಂದೆ ಸರಿದಳು.

"ನಿಮ್ಮಪ್ಪ ಯಾರು ಅಂತ ನಂಗೊತ್ತು ಕಣೇ. ಅದಕ್ಕೇ ಈಗ್ಲೇ ತೋರಿಸ್ತಿದ್ದೀನಿ. ಆಮೇಲೆ ನೀನೇ ಕಂಡುಹಿಡಿದು ಎದೆ ಒಡ್ಕೊಳ್ಳೋದು ಬೇಡ" ಎಂದಳು ಓಲ್ಗಾ.

ಎಡ್ಮೆಯ ಅಪ್ಪ ಯೂಲಿಸ್ ಲ್ಯೂಬಾ ಆ ಕಣಿವೆಗೆಲ್ಲ ಗೊತ್ತಿದ್ದ ಪಾನವಿರೋಧಿ. ಕೈಗಡಿಯಾರದ ಕಾರ್ಖಾನೆಯಲ್ಲಿ ಗುಮಾಸ್ತಿಕೆ, ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಕುಡಿತದ ಕೇಡಿನ ಬಗ್ಗೆ ಭಾಷಣ. ಕೇಳುವವರು ಹೆಂಡತಿ, ಮಗಳು, ಕಿವಿ ಕೇಳಿಸದ ಒಬ್ಬ ಮುದುಕ. ಅವರ ಮನೆಯಲ್ಲಿ ಕೆಮ್ಮಿನ ಔಷಧಿಯನ್ನು ಕೂಡ ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದರು. ಅಂಥ ಮನೆಯ ಮಗಳು ಅಬ್ಸಾಂತ್ ಎಂಬ ಮಾಚಿಪತ್ರೆಯ ಮದ್ಯವನ್ನು ಕದ್ದು ಬಟ್ಟಿ ಇಳಿಸುವ ಮನೆಗೆ ಸೊಸೆಯಾಗಿ ಬಂದಿದ್ದಳು. ಗಂಡ ನ್ಯೂಮಾ ಮದುವೆಗೆ ಮುಂಚೆ ಎಲ್ಲ ಹೇಳಿದ್ದ, ಇದೊಂದನ್ನು ಬಿಟ್ಟು.

ಅವಳು ಒಂದು ವಾರ ಮಾತು ಬಿಟ್ಟಳು. ಎರಡನೆಯ ವಾರ ಓಲ್ಗಾ ಒಣಗಿದ ಮಾಚಿಪತ್ರೆಯ ಕಟ್ಟನ್ನು ಅವಳ ಮಡಿಲಿಗೆ ಹಾಕಿ, "ಎಲೆ ಬಿಡಿಸು, ಕಾಂಡ ಬೇಡ. ಬಿಡಿಸೋದ್ರಲ್ಲಿ ಪಾಪ ಇಲ್ಲ" ಎಂದಳು. ಬಿಡಿಸುತ್ತ ಬಿಡಿಸುತ್ತ ಎಡ್ಮೆಗೆ ಆ ಕಹಿ ವಾಸನೆ ಹಿಡಿಸಿಬಿಟ್ಟಿತು. ಓಲ್ಗಾ ಚಿಕ್ಕವಳಿದ್ದಾಗ ಊರಿನ ಸುತ್ತ ಹೊಲ ಹೊಲದಲ್ಲೂ ಮಾಚಿಪತ್ರೆಯೇ ಇತ್ತಂತೆ, ಗಾಳಿ ಬೀಸಿದರೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತಂತೆ. ಆಮೇಲೆ ದೇಶದ ಗಂಡಸರೆಲ್ಲ ಮತ ಹಾಕಿ ಅಬ್ಸಾಂತನ್ನು ನಿಷೇಧಿಸಿದರು. ಹೊಲಗಳನ್ನು ಕಿತ್ತು ಗೋಧಿ, ಆಲೂಗಡ್ಡೆ ಹಾಕಿದರು. "ಮತ ಹಾಕಿದ್ದು ಗಂಡಸ್ರು. ನಮ್ಮನ್ನ ಯಾರು ಕೇಳಿದ್ರು?" ಎನ್ನುವುದು ಓಲ್ಗಾಳ ವಾದ. ಹಾಗಾಗಿ ಕೋಸಿನ ಪಾತಿಯ ಹಿಂದೆ, ಗೋಡೆಯ ಬುಡದಲ್ಲಿ, ಅವಳ ಗಿಡಗಳು ಉಳಿದಿದ್ದವು.

ಓಲ್ಗಾ ತೀರಿಕೊಂಡಾಗ ಹಂಡೆ ಎಡ್ಮೆಯ ಕೈಗೆ ಬಂತು. ಎಲೆ, ಸೋಂಪು, ಇನ್ನಷ್ಟು ಸೊಪ್ಪುಗಳನ್ನು ಸಾರಾಯಿಯಲ್ಲಿ ನೆನೆಹಾಕಿ, ಮರುದಿನ ಸಣ್ಣ ಉರಿಯಲ್ಲಿ ಮಧ್ಯಾಹ್ನವೆಲ್ಲ ಇಳಿಸಬೇಕು. ಮೊದಲು ಬಂದದ್ದನ್ನು ಚೆಲ್ಲಬೇಕು, ಕೊನೆಗೆ ಮಬ್ಬಾಗಿ ಬಂದದ್ದನ್ನು ಬೇರೆ ಇಡಬೇಕು. ನಡುವಿನದು ನೀರಿನಷ್ಟು ತಿಳಿ. ನೀರು ಬೆರೆತಾಗ ಬರುವ ನಸುನೀಲಿ ಛಾಯೆಗಾಗಿ ಊರವರು ಅದನ್ನು 'ನೀಲಿ' ಎನ್ನುತ್ತಿದ್ದರು. ವಾಸನೆ ಬೀದಿಗೆ ಹೋಗದಿರಲೆಂದು ಪಕ್ಕದ ಒಲೆಯ ಮೇಲೆ ವಿನೆಗರ್ ಹಾಕಿ ಕೋಸು ಬೇಯಿಸುತ್ತಿದ್ದಳು.

ಅವಳ ಅಮ್ಮ ತೀರಿಕೊಂಡ ಶರತ್ಕಾಲದಲ್ಲಿ ಯೂಲಿಸ್ ಒಂದು ಪೆಟ್ಟಿಗೆ, ಒಂದು ಬೈಬಲ್ಲು ಹಿಡಿದು ಮಗಳ ಮನೆಗೆ ಬಂದು ಉಳಿದರು. ಅಡುಗೆಮನೆಯ ಕಿಟಕಿಯ ಬಳಿ ಕೂತರೆಂದರೆ ಕೂತರು. ಒಗೆಯುವ ಕೋಣೆಗೆ ಹೋಗಲು ಅವರ ಮೊಣಕಾಲು ದಾಟಿಯೇ ಹೋಗಬೇಕು. ಎಡ್ಮೆ ಹಂಡೆಗೆ ಬಟ್ಟೆ ಹೊದಿಸಿ ಬಟ್ಟಿ ನಿಲ್ಲಿಸಿದಳು. ಕ್ರಿಸ್‌ಮಸ್ ಹೊತ್ತಿಗೆ ಊರಿನಲ್ಲಿ ಸೀಸೆಗಳೆಲ್ಲ ಖಾಲಿ.

ಚೀಸ್ ತಯಾರಿಸುವ ಜೆಲಿಮ್ ಬಾರೆಲೆ ಒಂದು ದಿನ ಹಾಲಿನ ಕ್ಯಾನು ಇಳಿಸುತ್ತ ಪಿಸುಗುಟ್ಟಿದ. "ಎಡ್ಮೆ, ಹೀಗೇ ಆದ್ರೆ ನಾನು ಸತ್ತೇ ಹೋಗ್ತೀನಿ. ನಿಮ್ಮಪ್ಪ ವಾಕಿಂಗ್ ಹೋಗಲ್ವಾ?"

"ಮಂಡಿನೋವು."

"ಇಸ್ಪೀಟು?"

"ಇಸ್ಪೀಟನ್ನ ಮುಟ್ಟೋದಿಲ್ಲ."

"ಮತ್ತೆ ಏನು ಇಷ್ಟ ಅವ್ರಿಗೆ?"

"ಕುಡಿತದ ವಿರುದ್ಧ ಮಾತಾಡೋದು" ಎಂದಳು ಎಡ್ಮೆ, ಬೇಸರದಿಂದ.

ಜೆಲಿಮ್ ಕ್ಯಾನನ್ನು ಹಾಗೇ ಹಿಡಿದು ನಿಂತ. ಆಮೇಲೆ ಅವನ ಮುಖದ ತುಂಬ ನಗು ಹರಡಿತು.

ಮುಂದಿನ ಶನಿವಾರದಿಂದ ಶಾಲೆಯ ಹಿಂಬದಿಯ ಕೋಣೆಯಲ್ಲಿ ಯೂಲಿಸ್ ಲ್ಯೂಬಾರ ಉಪನ್ಯಾಸ ಶುರುವಾಯಿತು. ಕುರ್ಚಿ ಸಾಲದೆ ಬೆಂಚು ತರಿಸಬೇಕಾಯಿತು. ಬಂದವರೆಲ್ಲ ಎಡ್ಮೆಯ ಗಿರಾಕಿಗಳು: ಜೆಲಿಮ್, ಸೂಲಗಿತ್ತಿ ಲಿನಾ, ರೈಲ್ವೆಯವರು, ಬ್ಯಾಂಡಿನವರು. ಯೂಲಿಸ್ ಮಾತಾಡುತ್ತಿದ್ದಷ್ಟು ಹೊತ್ತು ಇತ್ತ ಹಂಡೆಯ ಕೊಳವೆಯಿಂದ ನೀಲಿ ತೊಟ್ಟಿಕ್ಕುತ್ತಿತ್ತು. ಸಂಜೆ ಅವರು ಕೆನ್ನೆ ಕೆಂಪಗೆ ಮಾಡಿಕೊಂಡು ಮನೆಗೆ ಬರುತ್ತಿದ್ದರು. "ಎಂಥಾ ಊರು ಮಗಾ ಇದು. ಒಬ್ರೂ ತೂಕಡಿಸ್ಲಿಲ್ಲ." ಆಮೇಲೆ ತಟ್ಟೆ ನೋಡಿ, "ಶನಿವಾರ ಬಂತು ಅಂದ್ರೆ ಕೋಸೇ ಯಾಕೆ?" ಎಂದು ಕೇಳುತ್ತಿದ್ದರು.

ನ್ಯೂಮಾ ಶಾಲೆಯ ಆ ಕೋಣೆಯ ಬಾಗಿಲ ಬಳಿ ಕಾವಲು ಕೂರುತ್ತಿದ್ದವನು ರಾತ್ರಿ ಊಟಕ್ಕೆ ಕೂತಾಗ ಉಪನ್ಯಾಸದ ವರದಿ ಒಪ್ಪಿಸುತ್ತಿದ್ದ. ದೂರದ ಹಳ್ಳಿಯ ಒಬ್ಬ ದ್ರಾಕ್ಷಿ ತೋಟದ ಕೂಲಿ ಅಬ್ಸಾಂತ್ ಕುಡಿದು ಹೆಂಡತಿ ಮಕ್ಕಳನ್ನು ಕೊಂದ ಹಳೆಯ ಸಂಗತಿಯನ್ನು ಯೂಲಿಸ್ ಹೇಳಿದಾಗ ಜೆಲಿಮ್ ಎದ್ದು, "ಅವನು ಬೆಳಗ್ಗೆಯಿಂದ ವೈನು, ಬ್ರಾಂದಿ ಎಲ್ಲ ಕುಡಿದಿದ್ದನಂತಲ್ಲ ಯಜಮಾನ್ರೇ? ಅದ್ಯಾವುದನ್ನೂ ನಿಷೇಧ ಮಾಡ್ಲಿಲ್ವಲ್ಲ?" ಎಂದು ಕೇಳಿದನಂತೆ. ಯೂಲಿಸ್, "ಮಾಡ್ಬೇಕಿತ್ತು" ಎಂದರಂತೆ. ಅವರು ಪ್ರಶ್ನೆಗೆ ಹೆದರುವವರಲ್ಲ. ಬರಬರುತ್ತ ಉಪದೇಶ ಕಡಿಮೆಯಾಗಿ, ಕಂಡದ್ದು ಕೇಳಿದ್ದರ ಕಥೆ ಜಾಸ್ತಿಯಾಯಿತು.

ಮಾರ್ಚ್ ತಿಂಗಳ ಒಂದು ಶನಿವಾರ ಅವರು ಕನ್ನಡಕ ಮರೆತು ಹೋಗಿದ್ದರು. ತಮ್ಮ ಅಮ್ಮನ ಕಥೆ ಹೇಳುತ್ತಿದ್ದಾಗ ನಡುವೆ ಬೈಬಲ್ಲಿನ ಒಂದು ಸಾಲು ಓದಬೇಕೆನಿಸಿ, "ಇರಿ, ಬಂದೆ" ಎಂದು ಎದ್ದರು. ನಾನು ತರ್ತೀನಿ, ನೀವು ಕೂತಿರಿ ಎಂದು ನ್ಯೂಮಾ ಎಷ್ಟು ಹೇಳಿದರೂ ಕೇಳಲಿಲ್ಲ. ಬೂಟಿನ ತುಂಬ ಕರಗಿದ ಹಿಮ. ಅಡುಗೆಮನೆ ಕೊಳೆಯಾಗದಿರಲೆಂದು ಹಿತ್ತಲ ಬಾಗಿಲಿಂದ ನೇರ ಒಗೆಯುವ ಕೋಣೆಗೇ ಬಂದರು. ಎಡ್ಮೆ ಅಂದು ಚಿಲಕ ಹಾಕಿರಲಿಲ್ಲ. ಕೊಳವೆಯ ಬಾಯಿಗೆ ಲೋಟ ಹಿಡಿದು ನಿಂತಿದ್ದಳು.

ಯೂಲಿಸ್ ಹಂಡೆ ನೋಡಿದರು, ಕೋಸಿನ ಪಾತ್ರೆ ನೋಡಿದರು. ಬೋರಲು ಹಾಕಿದ ಒಂದು ಬುಟ್ಟಿಯ ಮೇಲೆ ನಿಧಾನ ಕೂತರು.

"ಪ್ರತಿ ಶನಿವಾರಾನಾ?"

"ಹೂಂ, ಅಪ್ಪ."

"ಅಂದ್ರೆ ಅವರ್ಯಾರೂ ನನ್ನ ಮಾತು ಕೇಳೋಕೆ ಬರ್ತಿರ್ಲಿಲ್ಲ."

ಬಯ್ಯುತ್ತಾರೆಂದು ಎಡ್ಮೆ ಕಾದಿದ್ದಳು. ಬಯ್ದಿದ್ದರೆ ಚೆನ್ನಾಗಿತ್ತು. ಅವರು ಎದ್ದು, ಅಡುಗೆಮನೆಯಿಂದ ಕನ್ನಡಕ ತೆಗೆದುಕೊಂಡು, ಬಂದ ದಾರಿಯಲ್ಲೇ ಹೊರಟರು. "ಎಲ್ಲಿಗಪ್ಪಾ?" ಎಂದರೆ, "ಜನ ಕಾಯ್ತಿದಾರೆ" ಎಂದರು.

ಎಡ್ಮೆ ಒಲೆಗೆ ನೀರು ಸುರಿದಳು. ಇಳಿಯುತ್ತಿದ್ದುದೆಲ್ಲ ಹಾಳಾದರೆ ಆಗಲಿ ಎಂದು ಒದ್ದೆ ಏಪ್ರನ್‌ನಲ್ಲೇ ಅವರ ಹಿಂದೆ ಓಡಿದಳು.

ಕೋಣೆಯಲ್ಲಿ ಯೂಲಿಸ್ ಕನ್ನಡಕ ಏರಿಸಿಕೊಂಡು, ಬೈಬಲ್ಲು ತೆರೆಯದೆ ನಿಂತಿದ್ದರು. "ನನ್ನ ಮಗಳ ಬಟ್ಟಿ ನೋಡ್ಕೊಂಡು ಬಂದೆ. ನೀವು ಯಾಕೆ ಬರ್ತೀರಿ ಅಂತ ಈಗ ಗೊತ್ತಾಯ್ತು. ಹೋಗೋರು ಹೋಗ್ಬಹುದು, ನನಗೇನೂ ಬೇಜಾರಿಲ್ಲ."

ಯಾರೂ ಏಳಲಿಲ್ಲ. ಜೆಲಿಮ್ ಟೋಪಿ ತಿರುಗಿಸುತ್ತ ಕೂತಿದ್ದ. ಕೊನೆಗೆ ಸೂಲಗಿತ್ತಿ ಲಿನಾ ಬಾಯಿಬಿಟ್ಟಳು. "ಮೊದಮೊದ್ಲು ಅದಕ್ಕೇ ಬರ್ತಿದ್ವಿ, ನಿಜ. ಈಗ ನಿಮ್ಮಮ್ಮನ ಕಥೆ ಅರ್ಧಕ್ಕೆ ನಿಲ್ಸಿ ಹೋದ್ರಲ್ಲ, ಅದನ್ನ ಮುಗಿಸಿ. ನಾನಂತೂ ಏಳೋದಿಲ್ಲ."

ಆ ಕಥೆಯನ್ನು ಎಡ್ಮೆ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಬಾಗಿಲಿಗೆ ಒರಗಿ ನಿಂತು ಕೇಳಿದಳು. ಯೂಲಿಸರ ಅಪ್ಪ ಗಡಿಯಾರದ ಕುಶಲಕರ್ಮಿ. ಸಿಕ್ಕಿದ್ದೆಲ್ಲ ಕುಡಿಯುತ್ತಿದ್ದ ಆತನ ಕೈ ನಡುಗಲು ಶುರುವಾಗಿ, ಚಕ್ರ ಕೂರಿಸಲು ಆಗದಾಯಿತು. ಆತ ಮಲಗಿದಾಗ ಹೆಂಡತಿ ಕಿಟಕಿಯ ಬಳಿಯ ಮೇಜಿಗೆ ಕೂತು ಕೆಲಸ ಮುಗಿಸುತ್ತಿದ್ದಳು. ಎಷ್ಟು ಚೆನ್ನಾಗಿ ಕಲಿತಳೆಂದರೆ ಧಣಿ ಗಂಡನನ್ನು ಕರೆಸಿ ಬೆನ್ನು ತಟ್ಟಿದ. "ಆವತ್ತು ಆ ಸಂತೋಷಕ್ಕೆ ಅಪ್ಪ ಇನ್ನೂ ಎರಡು ಲೋಟ ಹೆಚ್ಚು ಕುಡಿದ. ಅಮ್ಮ ಅವನ ಬೂಟು ಬಿಚ್ಚಿ ಮಲಗಿಸಿ, ಮತ್ತೆ ಮೇಜಿಗೆ ಹೋಗಿ ಕೂತ್ಲು. ಹೆಸರು ಅವನದು, ಕಣ್ಣು ಹೋಗಿದ್ದು ಅಮ್ಮನದು" ಎಂದು ಹೇಳಿ ಯೂಲಿಸ್ ಕನ್ನಡಕ ಒರೆಸಿಕೊಂಡರು.

ಮನೆಗೆ ಬರುವ ದಾರಿಯಲ್ಲಿ ಎಡ್ಮೆ, "ಬಿಟ್ಟುಬಿಡ್ತೀನಪ್ಪ" ಎಂದಳು.

"ಬಿಟ್ರೆ ಅವರು ಇನ್ನೊಬ್ರ ಹತ್ರ ಹೋಗ್ತಾರೆ. ಅಲ್ಲಿ ಏನು ಸಿಗುತ್ತೋ." ಸ್ವಲ್ಪ ದೂರ ನಡೆದು ನಿಂತರು. "ಕೈ ನಡುಗೋರಿಗೆ ಮಾತ್ರ ಕೊಡ್ಬೇಡ. ಅಷ್ಟು ಮಾಡು. ಮತ್ತೆ ದೇವರಾಣೆಗೂ ಇನ್ಮೇಲೆ ಕೋಸು ಬೇಡ."

ಅಂದಿನಿಂದ ಸೀಸೆ ಕೇಳಲು ಬಂದವರಿಗೆ ಎಡ್ಮೆ ಹೇಳುವ ಮೊದಲ ಮಾತು, "ಕೈ ಚಾಚು" ಎಂದಾಯಿತು. ಬೆರಳು ಅಲುಗಿದರೆ ಹೂವಿನ ಷರಬತ್ತಿನ ಸೀಸೆ ಕೈಗಿಟ್ಟು ಕಳಿಸುತ್ತಿದ್ದಳು. ಬ್ಯಾಂಡಿನ ಡೋಲಿನವನೊಬ್ಬ ಚಳಿಗೆ ನಡುಗ್ತಿದೆ ಎಂದು ವಾದಿಸಿದಾಗ, ಒಲೆಯ ಪಕ್ಕ ಕೂರಿಸಿ ಕಾಫಿ ಕೊಟ್ಟು, ಮತ್ತೆ ಕೈ ನೋಡಿ, ಷರಬತ್ತನ್ನೇ ಕೊಟ್ಟಳು. ಆತ ಒಂದು ವರ್ಷ ಅವಳನ್ನು ಬಯ್ಯುತ್ತ ಓಡಾಡಿದ. ಆಮೇಲೆ ಬಯ್ಯುವುದನ್ನು ಬಿಟ್ಟ, ಕುಡಿಯುವುದನ್ನೂ.

ಯೂಲಿಸ್ ಬದುಕಿರುವವರೆಗೂ ಚಳಿಗಾಲದ ಶನಿವಾರಗಳಲ್ಲಿ ಮಾತಾಡಿದರು, ಒಂದು ತೊಟ್ಟೂ ಮುಟ್ಟಲಿಲ್ಲ. ಬಟ್ಟಿಯ ದಿನವನ್ನು ಎಡ್ಮೆ ಮಂಗಳವಾರಕ್ಕೆ ಬದಲಾಯಿಸಿ, ಶನಿವಾರ ತಾನೂ ಹೋಗಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು.

ಎರಡು ಸಾವಿರದ ಐದರಲ್ಲಿ ನಿಷೇಧ ಹೋಯಿತು. ಲಿನಾಳ ಮಗಳು ಪರವಾನಗಿ ತೆಗೆಸಿ, ಬೀದಿಗೆ ಕಿಟಕಿ ಇರುವ ಬಟ್ಟಿಮನೆ ತೆರೆದಳು. ಎಪ್ಪತ್ತು ದಾಟಿದ್ದ ಎಡ್ಮೆ ತನ್ನ ಗಿಡದ ಸಸಿಗಳನ್ನು ಕಿತ್ತು ಅವಳಿಗೆ ಕೊಟ್ಟಳು. ತನಗೆ ಪರವಾನಗಿ ಬೇಡವೆಂದಳು. ಮೊದಲ ದಿನ ಅಂಗಳದಲ್ಲಿ ಮೇಜು ಹಾಕಿದ್ದರು. ನ್ಯೂಮಾ ಲೋಟದಲ್ಲಿದ್ದ ಅಬ್ಸಾಂತಿಗೆ ಹೂಜಿಯಿಂದ ತಣ್ಣೀರನ್ನು ಸಣ್ಣಗೆ ಬಿಟ್ಟ. ಲೋಟದ ತಳದಿಂದ ಬಿಳಿ ಮೋಡ ಎದ್ದು, ನೋಡುತ್ತಿದ್ದಂತೆ ಹಾಲಾಯಿತು. ಎಡ್ಮೆ ಸಕ್ಕರೆ ಹಾಕದೆ ಒಂದು ಗುಟುಕು ಕುಡಿದು, ನಾಲಿಗೆಯ ಮೇಲೆ ಹಾಗೇ ಇಟ್ಟುಕೊಂಡಳು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು.

"ಸೋಂಪು ಒಂಚೂರು ಜಾಸ್ತಿ" ಎಂದಳು.

"ಅಷ್ಟೇನಾ ಅಜ್ಜಿ?" ಎಂದಳು ಲಿನಾಳ ಮಗಳು.

"ಅಷ್ಟೇ. ಇನ್ನೊಂದು ಹಾಕು, ಸರಿಯಾಗಿ ನೋಡಿ ಹೇಳ್ತೀನಿ."

ಬಿಸಿಲು ಹದವಾಗಿತ್ತು. ಬ್ಯಾಂಡಿನವರು ಬಂದು ವಾದ್ಯಗಳನ್ನು ಬಿಚ್ಚಿಕೊಳ್ಳುತ್ತಿದ್ದರು. ಎಡ್ಮೆ ಕುರ್ಚಿಯನ್ನು ಗೋಡೆಯ ನೆರಳಿಗೆ ಎಳೆದುಕೊಂಡು ಕಾಲು ಚಾಚಿ ಕೂತಳು.