ನಲವತ್ತು ದಿನದ ಓದು, ಒಂದು ಮಧ್ಯಾಹ್ನದ ಸಹಿ

ಮೊಮ್ಮಗಳ ಬೇಸಿಗೆ ರಜೆಯ ಓದಿಗೆ ನಾನು ಜವಾಬ್ದಾರನಾಗಿದ್ದೆ. ಈ ಮಾತು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಯಾಕೆಂದರೆ ಇದನ್ನೇ ಒಮ್ಮೆ ಬರೆದು, ಕೆಳಗೆ ದುಂಡಗೆ ಸಹಿ ಹಾಕಿ ಶಾಲೆಗೆ ಕಳಿಸಿದ್ದೇನೆ.

ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ಕೊನೆಯ ಕೆಲವು ವರ್ಷ ತಾಳ್ಯದ ಕಡೆಯ ಹಳ್ಳಿಯೊಂದರಲ್ಲಿ ಮುಖ್ಯೋಪಾಧ್ಯಾಯನೂ ಆಗಿದ್ದವನು. ಈಗ ಹೊಳಲ್ಕೆರೆಯಲ್ಲಿ ಹೆಂಡತಿಯ ಆಡಳಿತದ ಕೆಳಗೆ ನೆಮ್ಮದಿಯಾಗಿದ್ದೇನೆ. ಮಗಳು ಮತ್ತು ಅಳಿಯ ಹಿರಿಯೂರಿನಲ್ಲಿ, ಇಬ್ಬರಿಗೂ ಕೆಲಸ. ಮೂರನೇ ತರಗತಿ ಮುಗಿಸಿದ ಅವರ ಮಗಳನ್ನು ರಜೆ ಪೂರ್ತಿ ನಮ್ಮಲ್ಲಿ ಬಿಡುವುದೆಂದು ತೀರ್ಮಾನವಾಯಿತು.

ಹುಡುಗಿಯ ಜೊತೆಗೆ ಒಂದು ಪಿನ್ನು ಹೊಡೆದ ಕಾಗದದ ಕಟ್ಟೂ ಬಂತು. ಅವಳ ಟೀಚರು ಕೊಟ್ಟದ್ದು. ನಲವತ್ತು ಸಾಲು, ಪ್ರತಿ ಸಾಲಿಗೂ ನಾಲ್ಕು ಮನೆ: ದಿನಾಂಕ, ಓದಿದ ಪುಟ, ಹೇಗೆ ಓದಿದರು, ಹಿರಿಯರ ಸಹಿ. ಬಸ್ ಸ್ಟ್ಯಾಂಡಿನಲ್ಲೇ ಮಗಳು ವಿಷಯ ತಿಳಿಸಿದಳು.

“ಅಪ್ಪಾಜಿ, ಲೆಕ್ಕದಾಗೆ ಇವಳು ಚುರುಕು ಐದಾಳೆ. ಓದೋದ್ರಲ್ಲೇ ಹಿಂದೆ. ಈಗೀಗ ಕೂಡಿಸ್ಕಂಡು ಓದ್ತಾಳೆ, ಎರಡು ತಿಂಗಳು ಬಿಟ್ರೆ ಅದೂ ಹೋಗ್ತದೆ ಅಂದ್ರು ಮಿಸ್ಸು. ದಿನಾ ಅರ್ಧ ಗಂಟೆ ಜೋರಾಗಿ ಓದಿಸ್ರಿ. ಮಗ್ಗಿ ಬ್ಯಾಡ.”

“ಓದ್ಸೋದು ಹೆಂಗೆ ಅಂತ ನನಗೇ ಹೇಳ್ಕೊಡ್ತೀಯೇನವ್ವ,” ಅಂದೆ.

“ಜೂನ್‌ನಲ್ಲಿ ಆ ಹಾಳೆ ನೋಡಿ, ಹಿಂದುಳಿದೋರನ್ನ ಸಂಜೆ ಒಂದು ಗಂಟೆ ಕುಂದ್ರಿಸ್ಕಂಡು ಅವರೇ ಹೇಳ್ಕೊಡ್ತಾರಂತೆ. ಅದ್ಕೇ ಸರಿಯಾಗಿ ಬರೀರಿ.”

ಸರಿಯಾಗಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ನಾನು ಕೆಲಸದಲ್ಲಿದ್ದಾಗ ತಾಲ್ಲೂಕಿನಲ್ಲೇ ಇರಲಿಲ್ಲ. ದುರದೃಷ್ಟವೆಂದರೆ ಈಗಲೂ ಇಲ್ಲ.

ಮೊದಲ ದಿನವೇ ವೇಳಾಪಟ್ಟಿ ತಯಾರಿಸಿ ಗೋಡೆಗೆ ಅಂಟಿಸಿದೆ. ಏಳಕ್ಕೆ ಓದು, ಎಂಟಕ್ಕೆ ತಿಂಡಿ, ಒಂಬತ್ತಕ್ಕೆ ಕಾಪಿ ಬರಹ. ಹೆಂಡತಿ ಅದರ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತು ಓದಿದಳು. “ಏನ್ರೀ ಮೇಷ್ಟ್ರೇ, ಒಂದು ಹುಡುಗೀಗೆ ಪ್ರಾರ್ಥನೆ, ಹಾಜರಿ ಇಲ್ವಾ? ನನಗೂ ಒಂದು ಬೆಲ್ಲು ಕೊಡ್ರಿ, ಚಿತ್ರಾನ್ನ ಆದ ಮೇಲೆ ಹೊಡೀತೀನಿ.”

ಹುಡುಗಿ ಓದಲು ಕೂತಳು. ಸುಡುವ ಬಂಡೆಯ ಮೇಲೆ ಬರಿಗಾಲಲ್ಲಿ ನಡೆಯುವವರ ಹಾಗೆ ಒಂದೊಂದು ಅಕ್ಷರದ ಮೇಲೂ ಕಾಲಿಟ್ಟು ಎತ್ತುತ್ತಿದ್ದಳು. ಒತ್ತಕ್ಷರ ಬಂದರೆ ನಿಂತೇಬಿಡುತ್ತಿದ್ದಳು. ಕಿವಿ ಕೆಂಪಾಗುತ್ತಿತ್ತು. ಎರಡನೇ ದಿನ ಪುಸ್ತಕದ ಮೇಲೆ ಒಂದು ಹನಿ ಕಣ್ಣೀರು ಬಿತ್ತು. ಸಾವಿರಾರು ಮಕ್ಕಳ ತಡವರಿಕೆಯನ್ನು ಕಲ್ಲಿನಂತೆ ಕೂತು ಕೇಳಿದವನು ನಾನು. ಈ ಒಂದು ಹನಿಗೆ ಕರಗಿಹೋದೆ. ಅವಳು ನಿಂತ ಕಡೆ ಪದವನ್ನು ನಾನೇ ಹೇಳಿದೆ. ಮಾರನೇ ದಿನ ಸಾಲು ಹೇಳಿದೆ. ವಾರ ಕಳೆಯುವುದರೊಳಗೆ ನಾನು ಓದುತ್ತಿದ್ದೆ, ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಕೇಳುತ್ತಿದ್ದಳು. ಹಾಳೆಯಲ್ಲಿ ಇದಕ್ಕೆ ತಕ್ಕ ಮನೆ ಇರಲಿಲ್ಲವಾದ್ದರಿಂದ ಬರೆಯುವುದನ್ನು ಮುಂದಕ್ಕೆ ಹಾಕಿದೆ.

ಮಿಕ್ಕ ಸಮಯಕ್ಕೆ ಮಗ್ಗಿ ಶುರುವಾಯಿತು. ಬೇಡವೆಂದಿದ್ದಳಲ್ಲ ಮಗಳು, ಆದರೆ ಅವಳು ಬೇಡವೆಂದದ್ದು ಸಾಮಾನ್ಯ ಮಗ್ಗಿಯನ್ನು ಎಂದು ನಾನು ಕಾನೂನು ತೆಗೆದೆ. ನಾನು ಹೇಳಿಕೊಟ್ಟದ್ದು ನನ್ನ ತಾತ ನನಗೆ ಕಲಿಸಿದ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ. ಹುಡುಗಿ ಅವನ್ನು ಹುರಿಗಡಲೆಯಂತೆ ಬಾಯಿಗೆ ಹಾಕಿಕೊಂಡಳು. ನಮ್ಮ ಓಣಿಯ ಹಿಂದಿನ ಹೊಲದಲ್ಲಿ ಆಗ ಜವನಗೊಂಡನಹಳ್ಳಿ ಕಡೆಯ ಕುರಿಗಾರರು ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿದ್ದರು. ಅವರಲ್ಲೊಬ್ಬ ಹಿರಿಯ ನೀರಿಗೆ ಬಂದವನು ಜಗುಲಿಯ ಮೇಲೆ ಕೂತು ಪರೀಕ್ಷೆ ಮಾಡಿದ.

“ಮೂವತ್ತೆರಡರಾಗೆ ಮುಕ್ಕಾಲು ಎಷ್ಟವ್ವ?”

“ಇಪ್ಪತ್ನಾಲ್ಕು.”

“ನಲವತ್ತೆಂಟರಾಗೆ?”

“ಮೂವತ್ತಾರು.”

“ಬಲೇ ಐತಲ್ಲ ಮೇಷ್ಟ್ರೇ ಈ ಕೂಸು. ನಮ್ಮ ಮಂದೆ ಎಣಿಸಾಕೆ ಕಳಿಸ್ತೀರೇನು?”

ನನಗೆ ಮೀಸೆ ಇಲ್ಲ. ಇದ್ದಿದ್ದರೆ ಅವತ್ತು ತಿರುವುತ್ತಿದ್ದೆ. ಬಂದವರೆಲ್ಲ ಹೊಗಳಿ ಹೋಗುತ್ತಿದ್ದರು. ಹುಡುಗಿಯ ಮುಖ ಅರಳುತ್ತಿತ್ತು. ಅಳುವ ಕೆಲಸ ಬಿಟ್ಟು ಅರಳುವ ಕೆಲಸ ಮಾಡಿಸುವುದು ಶಿಕ್ಷಣಶಾಸ್ತ್ರಕ್ಕೆ ಸಮ್ಮತವೆಂದೇ ವಾದಿಸಿಕೊಂಡೆ.

ಮೇ ತಿಂಗಳ ನಡುವೆ ಒಂದು ಬೆಳಿಗ್ಗೆ ಅವಳು ಪುಸ್ತಕ ಹಿಡಿದು ಅಜ್ಜಿಯ ಮುಂದೆ ಕೂತು, ಬಾವಿಗೆ ಬಿದ್ದ ಆಮೆಯ ಕತೆಯನ್ನು ಸರಾಗವಾಗಿ ಓದಿದಳು. ಸಾಲಿನ ಕೆಳಗೆ ಬೆರಳು ಓಡುತ್ತಿತ್ತು. ನನ್ನ ಹೆಂಡತಿ ಸೊಪ್ಪು ಸೋಸುವುದನ್ನು ನಿಲ್ಲಿಸಿ ಕೇಳಿದಳು. ನಾನೂ ಬಾಗಿಲಲ್ಲಿ ನಿಂತು ಕೇಳಿದೆ. ಆಮೆ ಮೇಲಕ್ಕೆ ನೋಡಿತು ಎಂಬಲ್ಲಿ ಹುಡುಗಿ ನಿಂತು ಒಂದು ಸಲ ಗಂಟಲು ಸರಿಮಾಡಿಕೊಂಡು ಮುಂದೆ ಹೋದಳು. ಆ ಜಾಗದಲ್ಲಿ ಗಂಟಲು ಸರಿಮಾಡಿಕೊಳ್ಳುವವನು ನಾನು. ಆಮೇಲೆ ಪುಟ ತಿರುಗಿಸಿದಳು, ಎರಡು ಸಾಲು ತಡವಾಗಿ.

“ನೋಡಿದ್ರಾ, ಎಷ್ಟು ಚಂದಾಗಿ ಓದ್ತೈತೆ ನನ್ನ ಬಂಗಾರ,” ಅಂದಳು ಹೆಂಡತಿ.

ಪುಸ್ತಕ ನೋಡುತ್ತ ಬಾಯಿಪಾಠ ಒಪ್ಪಿಸುವ ಮಕ್ಕಳನ್ನು ಹಿಡಿಯುವುದು ನನ್ನ ಉದ್ಯೋಗವಾಗಿತ್ತು. ಮಧ್ಯದ ಪುಟ ತೆಗೆದು “ಇಲ್ಲಿಂದ ಓದು” ಎಂದರೆ ಸಾಕು. ಹುಡುಗಿ ತಲೆಯೆತ್ತಿ ನನ್ನನ್ನು ನೋಡಿದಳು. ನನಗೆ ಗೊತ್ತಾಗಿದೆ ಎಂದು ಅವಳಿಗೆ ಗೊತ್ತಾಯಿತು. ಕೈಯಲ್ಲಿ ಇನ್ನೂ ಎರಡು ವಾರವಿತ್ತು. ನಾನು ಹೇಳಿದ್ದು ಒಂದೇ ಮಾತು: “ಆಟ ಆಡ್ಕ ಹೋಗವ್ವ.”

ಆ ಎರಡು ವಾರದಲ್ಲಿ ಹೊಸದುರ್ಗದಲ್ಲಿ ನೆಂಟರ ಮದುವೆ, ಅಲ್ಲಿಂದ ಬಂದ ಆಯಾಸ, ಆಮೇಲೆ ಜೋಗಿಮಟ್ಟಿ ಬೆಟ್ಟಕ್ಕೆ ಬುತ್ತಿ ಕಟ್ಟಿಕೊಂಡು ಹೋದದ್ದು, ಅದರ ಆಯಾಸ. ಕಾಲ ತನ್ನ ಕೆಲಸ ಮಾಡಿತು, ನಾನು ಮಾಡಲಿಲ್ಲ.

ಹುಡುಗಿ ಊರಿಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಖಾಲಿ ಹಾಳೆಗಳನ್ನು ಮುಂದಿಟ್ಟುಕೊಂಡು ಕೂತೆ. ಇಲ್ಲಿ ವೃತ್ತಿಯ ಒಂದು ಗುಟ್ಟನ್ನು ಹೇಳಬೇಕು. ತನಿಖೆಗೆ ಸಾಹೇಬರು ಬರುತ್ತಾರೆಂದು ಸುದ್ದಿ ಬಂದಾಗ ತಿಂಗಳುಗಟ್ಟಲೆ ಬರೆಯದ ದಾಖಲೆ ಪುಸ್ತಕವನ್ನು ಒಂದೇ ದಿನದಲ್ಲಿ ತುಂಬಿಸುವುದು ಒಂದು ಕಲೆ. ಒಂದೇ ಪೆನ್ನು ಬಳಸಬಾರದು. ಅಕ್ಷರ ಕೆಲವು ದಿನ ಅವಸರದ್ದಿರಬೇಕು, ಕೆಲವು ದಿನ ಸಾವಧಾನದ್ದು. ಎಲ್ಲ ದಿನವೂ ‘ಉತ್ತಮ’ ಎಂದಿದ್ದರೆ ಯಾರೂ ನಂಬುವುದಿಲ್ಲ. ನಡುನಡುವೆ ಒಂದು ‘ಸ್ವಲ್ಪ ತಡವರಿಸಿದಳು’ ಬೇಕು. ಒಂದು ಕಡೆ ಟೀ ಲೋಟದ ಉಂಗುರ ಬಿದ್ದಿದ್ದರೆ ಶ್ರೇಷ್ಠ. ಈ ಎಲ್ಲ ನಿಯಮಗಳನ್ನೂ ಪಾಲಿಸಿದೆ. ಹುಡುಗಿ ಪಕ್ಕದಲ್ಲೇ ಮಂಡಿಯೂರಿ ಕೂತು ಪೆನ್ನು ಎತ್ತಿಕೊಡುತ್ತಿದ್ದಳು.

“ಅಜ್ಜ, ಇದು ಸುಳ್ಳಲ್ವಾ?”

“ಸುಳ್ಳಲ್ಲವ್ವ. ದಾಖಲೆ.”

ಅವಳು ಇನ್ನೊಂದು ಪೆನ್ನು ಎತ್ತಿಕೊಟ್ಟಳು. “ಹಂಗಾದ್ರೆ ಹೊಸದುರ್ಗಕ್ಕೆ ಹೋದ ದಿನ?”

ಆ ದಿನದ ಸಾಲಿನಲ್ಲಿ ‘ಬಸ್ಸಿನಲ್ಲಿ ಕೂತು ಊರುಗಳ ನಾಮಫಲಕ ಓದಿದಳು’ ಎಂದು ಬರೆದೆ. ಕೊನೆಯ ಸಾಲಿಗೆ ಬರುವಾಗ ಕೈಗೆ ಹುರುಪು ಬಂದಿತ್ತು. ‘ಭಾವಪೂರ್ಣವಾಗಿ, ನಿರರ್ಗಳವಾಗಿ ಓದುತ್ತಾಳೆ. ವೇದಿಕೆಗೆ ಯೋಗ್ಯ ಕಂಠ.’ ಕೆಳಗೆ ಸಹಿ.

ಜೂನ್ ಸುಮ್ಮನೆ ಕಳೆಯಿತು. ಜುಲೈಯಲ್ಲಿ ಮಗಳ ಫೋನ್ ಬಂತು.

“ಅಪ್ಪಾಜಿ, ರಜದಾಗೆ ಇವಳು ಚೆನ್ನಾಗೇ ಓದ್ತಿದ್ಲಲ್ವಾ?”

“ಯಾಕವ್ವ?”

ಯಾಕೆಂದು ಹೇಳಿದಳು. ನನ್ನ ಬರಹ ನೋಡಿ ಮಿಸ್ಸು ಸಂತೋಷಪಟ್ಟು, ಸಂಜೆಯ ಓದಿನ ಗುಂಪಿಗೆ ಇವಳನ್ನು ಸೇರಿಸಲಿಲ್ಲ. ಅಷ್ಟೇ ಅಲ್ಲ, ವಾರಕ್ಕೊಂದು ದಿನ ಪ್ರಾರ್ಥನೆಯಲ್ಲಿ ವಾರ್ತೆ ಓದುವ ಕೆಲಸ ಕೊಟ್ಟರು. ಮೊದಲ ಎರಡು ವಾರ ಹುಡುಗಿ ವಾರ್ತೆಯ ಚೀಟಿಯನ್ನು ಹಿಂದಿನ ಸಂಜೆಯೇ ಅಪ್ಪನ ಕೈಲಿ ಓದಿಸಿಕೊಂಡು ಬಾಯಿಪಾಠ ಮಾಡಿ ಒಪ್ಪಿಸಿದಳು. ಮೂರನೇ ವಾರ ಮಿಸ್ಸು ಅದೇ ಬೆಳಿಗ್ಗೆ ಹೊಸ ಚೀಟಿ ಕೊಟ್ಟರು. ಇಡೀ ಶಾಲೆಯ ಮುಂದೆ ಹುಡುಗಿ ಚೀಟಿ ಹಿಡಿದು ನಿಂತಳು. ನಿಂತೇ ಇದ್ದಳು. ಯಾರೋ ನಕ್ಕರು. ಅಂದಿನಿಂದ ಬೆಳಗಾದರೆ ಹೊಟ್ಟೆನೋವು. ಕಣ್ಣಿನ ದೋಷವೇನೋ ಎಂದು ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಕಣ್ಣು ಸರಿಯಾಗಿತ್ತು.

“ಕಣ್ಣು ಸರಿ ಐತೆ, ಓದೋಕೆ ಬರ್ತಿತ್ತು ಅಂತ ನೀವೇ ಬರ್ದೀರಿ. ಅಂದ್ರೆ ಹಟ ತಾನೇ? ನಿನ್ನೆ ಸಿಟ್ಟು ಬಂದು ಕೆನ್ನೆಗೆ ಒಂದು ಹೊಡೆದುಬಿಟ್ಟೆ ಅಪ್ಪಾಜಿ. ಒಂದು ಮಾತೂ ಆಡ್ಲಿಲ್ಲ.”

ಆಗಲೇ ಹೇಳಬಹುದಿತ್ತು. ಫೋನಿನಲ್ಲಿ ನಾನು ಹೇಳಿದ್ದು “ನಾಳೆ ಬರ್ತೀನಿ” ಎಂದಷ್ಟೇ. ಹುಡುಗಿ ಏಟು ತಿಂದೂ ನನ್ನ ಹೆಸರು ಹೇಳಿರಲಿಲ್ಲ. ಎಂಟು ವರ್ಷದ ಮಗು ಕಾಯ್ದ ಮರ್ಯಾದೆಯನ್ನು ಹೊತ್ತುಕೊಂಡು ಆ ಇಡೀ ದಿನ ಮನೆಯೊಳಗೆ ತಿರುಗಾಡಿದೆ. ಹೆಂಡತಿಗೆ ಹೇಳಿದಾಗ ಅವಳು ಗೇಲಿಯನ್ನೂ ಮಾಡಲಿಲ್ಲ. “ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗ್ರಿ,” ಅಂದಳು.

ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿ ಹಿರಿಯೂರಿಗೆ ಇಳಿದು ನೇರ ಶಾಲೆಗೆ ಹೋದೆ. ಮಿಸ್ಸು ನನ್ನ ಮಗಳಿಗಿಂತ ಚಿಕ್ಕವಳು. ನನ್ನ ಹೆಸರು ಕೇಳಿದ್ದೇ ಎದ್ದು ನಿಂತಳು. “ಬರ್ರಿ ಸಾರ್, ಕುಂತ್ಕಳ್ರಿ. ನೀವು ಬರೆದಿದ್ದ ಹಾಳೆ ಸ್ಟಾಫ್ ರೂಮಿನಾಗೆ ಎಲ್ಲರಿಗೂ ತೋರ್ಸಿದೀನಿ. ಪೋಷಕರು ಅಂದ್ರೆ ಹಿಂಗೆ ಬರೀಬೇಕು ಅಂತ.”

ಕೂರಲಿಲ್ಲ. ಮುಖ್ಯೋಪಾಧ್ಯಾಯರ ಮುಂದೆ ನಿಲ್ಲುವ ಹುಡುಗರ ಹಾಗೆ ನಿಂತೇ ಹೇಳಿದೆ: “ಅದನ್ನ ಒಂದೇ ಮಧ್ಯಾಹ್ನ ಕೂತು ಬರೆದೆ ಮೇಡಂ. ಮಗು ಓದಿಲ್ಲ. ನಾನು ಓದ್ದೆ, ಅದು ಕೇಳ್ತು. ತಪ್ಪು ಅದರದ್ದಲ್ಲ.”

ಆಕೆ ಬೀರುವಿನಿಂದ ಹಾಳೆ ತೆಗೆದು ಒಂದೊಂದೇ ಸಾಲು ನೋಡಿದಳು. ಟೀ ಉಂಗುರದ ಮೇಲೆ ಬೆರಳಿಟ್ಟಳು. “ಇದೂನಾ ಸಾರ್?”

“ಅದೂನೂ.”

ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. “ಜೂನ್‌ನಲ್ಲೇ ಶುರು ಮಾಡಿದ್ರೆ ಇಷ್ಟೊತ್ತಿಗೆ ಒಂದು ಹದಕ್ಕೆ ಬರ್ತಿದ್ಲು,” ಅಂದಳು. “ಈಗ ಓದೋದು ಕಲ್ಸೋಕಿಂತ ಮುಂಚೆ ಹೆದರಿಕೆ ಬಿಡಿಸ್ಬೇಕು. ಇವತ್ತು ಸಂಜೆಯಿಂದಾನೇ ಗುಂಪಿಗೆ ಸೇರಿಸ್ಕಂತೀನಿ. ವಾರ್ತೆ ಬ್ಯಾಡ.”

ಸಂಜೆಯ ತರಗತಿ ಮುಗಿಯುವವರೆಗೆ ಗೇಟಿನ ಬಳಿ ಕಾದೆ. ಹುಡುಗಿ ಬಂದವಳು ನನ್ನನ್ನು ನೋಡಿ ಓಡಿಬರಲಿಲ್ಲ; ಚೀಲದ ಪಟ್ಟಿ ಹಿಡಿದುಕೊಂಡು ನಡೆದೇ ಬಂದಳು.

“ಮಿಸ್ಸಿಗೆ ಹೇಳ್ದ್ಯಾ ಅಜ್ಜ?”

“ಹೇಳ್ದೆ.”

“ಅಮ್ಮಂಗೆ?”

“ಇನ್ನೂ ಇಲ್ಲ. ಹೋಗಾಣ ನಡಿ.”

ಮಗಳು ಆಗತಾನೆ ಕೆಲಸದಿಂದ ಬಂದು ನೀರು ಕುಡಿಯುತ್ತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿದೆ. ಕೂತರೆ ಸುತ್ತಿಬಳಸಿ ಹೇಳುತ್ತೇನೆಂಬ ಭಯವಿತ್ತು. ಅವಳು ಲೋಟ ಕೆಳಗಿಟ್ಟಳು.

“ನನ್ನ ಕಾಪಿ ಪುಸ್ತಕದಾಗೆ ಒಂದು ಅಕ್ಷರ ಸೊಟ್ಟ ಆದ್ರೆ ಇಡೀ ಪುಟ ಮತ್ತೆ ಬರೆಸ್ತಿದ್ರಿ. ಅಳ್ತಾ ಬರೀತಿದ್ದೆ. ನೆನಪೈತಾ?”

“ಐತೆ.”

“ಆವಾಗ ಬರದ ಕನಿಕರ ಈಗ ಎಲ್ಲಿಂದ ಬಂತು ಅಪ್ಪಾಜಿ?”

ವಯಸ್ಸು ಎನ್ನಬಹುದಿತ್ತು. ಆದರೆ ನಿಜ ಹೇಳಬೇಕೆಂದರೆ ಅದು ಪೂರ್ತಿ ಕನಿಕರವೂ ಅಲ್ಲ. ಹುಡುಗಿ ಅಜ್ಜನನ್ನು ಇಷ್ಟಪಡಲಿ ಎಂಬ ಆಸೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚಿತ್ತು. ಮಗಳ ವಿಷಯದಲ್ಲಿ ಆ ಆಸೆ ನನಗೆ ಹೊಳೆದೇ ಇರಲಿಲ್ಲ. ಎರಡು ತಪ್ಪೂ ನನ್ನವೇ ಎಂದು ಆಗ ತಿಳಿಯಿತು.

ಮಗಳು ಹುಡುಗಿಯನ್ನು ಹತ್ತಿರ ಕರೆದು ಕೆನ್ನೆಯ ಮೇಲೆ ಕೈಯಿಟ್ಟಳು. “ಲೇ, ನೀನ್ಯಾಕೆ ಹೇಳ್ಲಿಲ್ಲ?”

“ಅಜ್ಜಂಗೆ ಬೈತಿದ್ದೆ ನೀನು.”

ಆಮೇಲೆ ಹುಡುಗಿ ಚೀಲದಿಂದ ಮಿಸ್ಸು ಕೊಟ್ಟಿದ್ದ ತೆಳ್ಳನೆಯ ಪುಸ್ತಕ ತೆಗೆದಳು. ಒಂದು ಪುಟ ಓದಿಕೊಂಡು ಬಾ ಎಂದಿದ್ದರಂತೆ. ಮಗಳು ನೆಲಕ್ಕೆ ಕೂತಳು. ನಾನೂ ಕೂರಲು ಹೋದೆ.

“ಅಜ್ಜ, ನೀನು ಆಚೆ ಹೋಗು.”

“ನಾನು ಹೇಳ್ಕೊಡಲ್ಲ ಕಣವ್ವ. ಸುಮ್ಮನೆ ಕೇಳ್ತೀನಿ.”

“ನೀನು ಹೇಳಲ್ಲ. ಆದ್ರೆ ನಿನ್ನ ಬಾಯಿ ಅಲ್ಲಾಡ್ತದೆ. ನಾನು ಅದ್ನೇ ನೋಡ್ತೀನಿ.”

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಒಳಗೆ ಓದು ಶುರುವಾಯಿತು. ಒಂದು ಅಕ್ಷರ, ಇನ್ನೊಂದು, ನಿಲುಗಡೆ. ಎರಡನೇ ಸಾಲಿನಲ್ಲಿ ಒಂದು ಪದದ ಹತ್ತಿರ ಅವಳು ನಿಂತುಬಿಟ್ಟಳು. ಅದು ಯಾವ ಪದವೆಂದು ನನಗೆ ಆಗಲೇ ಗೊತ್ತಾಗಿತ್ತು. ಮಗಳು ಹೇಳಿಕೊಡಲಿಲ್ಲ. ನಾನು ಕೈಯಿಂದ ಬಾಯಿ ಮುಚ್ಚಿಕೊಂಡು ಕೂತೆ. ಚಿತ್ರದುರ್ಗದ ಬಸ್ಸಿಗೆ ಹೊತ್ತಾಗಿತ್ತು, ಏಳಲಿಲ್ಲ. ಒಳಗೆ ಹುಡುಗಿ ಆ ಪದದ ಮೊದಲ ಅಕ್ಷರವನ್ನು ಇನ್ನೊಂದು ಸಲ ಹೇಳಿದಳು.